ಏಳು ತಿಂಗಳಲ್ಲಿ ಹೋದ ರಾಜ್ಯ
ಉಸ್ತುವಾರಿ ಸರ್ಕಾರದಿಂದ ದೊಡ್ಡ ಅನಾಹುತವೇನೂ ಆಗದು ಎಂದು ಈ ವಾರ ಟಿ.ವಿ. ಚರ್ಚೆಯಲ್ಲಿ ಒಬ್ಬರು ಹೇಳುತ್ತಿದ್ದರು. ಅವಧಿ ಗಿಡ್ಡವಾದರೆ ಪೆಟ್ಟೂ ಸಣ್ಣದು ಎಂಬ ಈ ನಂಬಿಕೆ ನನ್ನಲ್ಲಿ ಭಯ ಹುಟ್ಟಿಸುತ್ತದೆ. ಇತಿಹಾಸದ ಒಂದು ಉದಾಹರಣೆ ನೋಡಿ: 1885ರ ಜೂನ್‌ನಲ್ಲಿ ಬ್ರಿಟನ್ನಿನ ಪ್ರಧಾನಿ ಗ್ಲಾಡ್‌ಸ್ಟನ್ ಬಜೆಟ್ ವಿಚಾರದಲ್ಲಿ ಸೋತು ಇಳಿದರು. ಹೊಸ ಮತದಾರರ ಪಟ್ಟಿ ಸಿದ್ಧವಿರಲಿಲ್ಲ, ತಕ್ಷಣ ಚುನಾವಣೆ ಸಾಧ್ಯವಿರಲಿಲ್ಲ. ಹಾಗಾಗಿ ಬಹುಮತವಿಲ್ಲದ ಸಾಲ್ಸ್‌ಬರಿ ಉಸ್ತುವಾರಿಯಾಗಿ ಪ್ರಧಾನಿಯಾದರು. ಐರ್ಲೆಂಡಿನ ಗೇಣಿದಾರರಿಗೆ ಭೂಮಿ ಕೊಳ್ಳಲು ಅವರು 50 ಲಕ್ಷ ಪೌಂಡ್ ಸಾಲ ಒದಗಿಸಿದರು, ಅದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಬರ್ಮಾದ ರಾಜಧಾನಿ ಮಂಡಾಲೆಗೆ ಬ್ರಿಟಿಷ್ ಸೈನ್ಯ ನುಗ್ಗಿದ್ದೂ ಅದೇ ಸರ್ಕಾರದ ಕಾಲದಲ್ಲಿ. ಅಲ್ಲಿನ ದೊರೆ ತೀಬಾ ಸೆರೆಯಾಗಿ ರತ್ನಾಗಿರಿಗೆ ಗಡಿಪಾರಾದ. 1886ರ ಜನವರಿ 1ರಂದು ಅವನ ರಾಜ್ಯವನ್ನು ಬ್ರಿಟಿಷರು ವಶಪಡಿಸಿಕೊಂಡರು. ಅದೇ ತಿಂಗಳ ಕೊನೆಗೆ ಸಾಲ್ಸ್‌ಬರಿ ಸರ್ಕಾರ ಬಿತ್ತು; ಬರ್ಮಾ ಸ್ವತಂತ್ರವಾಗಲು 1948ರವರೆಗೆ ಕಾಯಬೇಕಾಯಿತು.