ಕಳೆದುಹೋದ ‘ಅಣ್ಣ’

2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ದಕ್ಷಿಣ ಕೊರಿಯಾದ ‘ಸ್ಕ್ವಿಡ್ ಗೇಮ್’ ಸರಣಿಯನ್ನು ಜಗತ್ತೇ ಮೆಚ್ಚಿತು. ಆದರೆ ಕೊರಿಯನ್ ಬಲ್ಲ ವೀಕ್ಷಕರು ತಕರಾರು ಎತ್ತಿದರು: ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಸಂಭಾಷಣೆಯ ಜೀವವೇ ಹೋಗಿದೆ!

ಒಂದು ಉದಾಹರಣೆ ನೋಡಿ. ಪಾಕಿಸ್ತಾನದಿಂದ ಬಂದ ಕಾರ್ಮಿಕ ಅಲಿ, ದೊಡ್ಡ ಓದು ಓದಿದ ಸಾಂಗ್‌ವೂನನ್ನು ಮೊದಮೊದಲು ‘ಯಜಮಾನರೇ’ ಎಂಬರ್ಥದಲ್ಲಿ ಕರೆಯುತ್ತಾನೆ. ಹಾಗೆ ಬೇಡ, ‘ಹ್ಯೊಂಗ್’ ಎಂದು ಕರೆ ಎನ್ನುತ್ತಾನೆ ಸಾಂಗ್‌ವೂ. ಹ್ಯೊಂಗ್ ಎಂದರೆ ಅಣ್ಣ. ಇಂಗ್ಲಿಷ್‌ನಲ್ಲಿ ಅದು ಬರೀ ಹೆಸರಾಯಿತು. ಮುಂದೆ ಗೋಲಿ ಆಟದಲ್ಲಿ ಅಲಿಗೆ ಮೋಸ ಮಾಡುವವನು ಇದೇ ‘ಅಣ್ಣ’. ಆ ನೋವು ಸಬ್‌ಟೈಟಲ್ ಓದಿದವರಿಗೆ ತಲುಪಲೇ ಇಲ್ಲ.

ಕನ್ನಡದಲ್ಲಿ ಈ ಪದಕ್ಕೆ ಹುಡುಕಾಡಬೇಕಿಲ್ಲ. ಆದರೆ ನಾವು ದಶಕಗಳ ಕಾಲ ಜಗಳವಾಡಿದ್ದು ಡಬ್ಬಿಂಗ್ ಬೇಕೋ ಬೇಡವೋ ಎಂದು. ಡಬ್ಬಿಂಗ್‌ಗೆ ಅಡ್ಡಿಪಡಿಸುವುದು ತಪ್ಪು ಎಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹೇಳಿತು. 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿ ಕನ್ನಡ ಮಾತನಾಡುತ್ತಲೇ ಮನೆಮನೆಗೆ ಬಂತು.

ಈಗ ಕೇಳಬೇಕಾದ್ದು, ಅನುವಾದಿಸುವವರು ಯಾರು, ಯಾವ ಭಾಷೆಯಿಂದ? ಇಂಗ್ಲಿಷ್ ಪ್ರತಿ ಇಟ್ಟುಕೊಂಡು ಅನುವಾದಿಸಿದರೆ ಆ ‘ಅಣ್ಣ’ ಕನ್ನಡದಲ್ಲೂ ಸಿಗುವುದಿಲ್ಲ. ಮೂಲ ಭಾಷೆ ಕಲಿತ ಕನ್ನಡದ ಹುಡುಗ ಹುಡುಗಿಯರು ಬೇಕು. ಕನ್ನಡ ಓದಿದರೆ ಕೆಲಸವೆಲ್ಲಿ ಎನ್ನುವವರು ಇತ್ತಲೂ ಒಮ್ಮೆ ನೋಡಲಿ.