ಲ್ಯಾಬಲ್ಲಾದ್ರೆ ಟಿಂಕರಿಂಗ್, ಗುಜರಿಯಲ್ಲಾದ್ರೆ ಕಿತಾಪತಿ

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಒಬ್ಬ ಹುಡುಗ ಕೆಟ್ಟುಹೋದ ಸಿಡಿ ಪ್ಲೇಯರ್ ಬಿಚ್ಚುತ್ತಾನೆ. ಒಳಗಿನ ಸಣ್ಣ ಮೋಟಾರ್ ತೆಗೆದು, ಎರಡು ಸೆಲ್ ಜೋಡಿಸಿ, ಗಿರ್ ಅಂತ ತಿರುಗಿಸುತ್ತಾನೆ. ಇದಕ್ಕೆ ಏನಂತ ಹೆಸರಿಡ್ತೀರಿ? ಅವನು ಎಲ್ಲಿ ಕೂತು ಬಿಚ್ಚಿದ ಅನ್ನೋದರ ಮೇಲೆ ಹೆಸರು ಬದಲಾಗುತ್ತೆ. ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬಲ್ಲಿ ಬಿಚ್ಚಿದ್ರೆ 'ಇನ್ನೋವೇಶನ್'. ಗುಜರಿ ಅಂಗಡಿ ಹಿಂದೆ ಕೂತು ಬಿಚ್ಚಿದ್ರೆ 'ಕಿತಾಪತಿ'. ಹುಡುಗ ಯಾವ ಕೇರಿಯವನು ಅಂತ ಗೊತ್ತಾದ ಮೇಲೆ 'ಎಲ್ಲಿಂದ ಕದ್ಕೊಂಡು ಬಂದ್ಯೋ?'

ಅಟಲ್ ಟಿಂಕರಿಂಗ್ ಲ್ಯಾಬ್ ಅಂದ್ರೆ ನೀತಿ ಆಯೋಗದವರು 2016ರಲ್ಲಿ ಶುರು ಮಾಡಿದ ಯೋಜನೆ. ಆರರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ ತನಕ ಅನುದಾನ. ಮಕ್ಕಳು ತಮ್ಮ ಕೈಯಾರೆ ಬಿಚ್ಚಬೇಕು, ಜೋಡಿಸಬೇಕು, ಕೆಡಿಸಬೇಕು, ಮತ್ತೆ ಮಾಡಬೇಕು ಅನ್ನೋದೇ ಉದ್ದೇಶ. ಒಳ್ಳೆ ಯೋಜನೆ, ನನ್ನ ತಕರಾರಿಲ್ಲ. ಆದ್ರೆ ಇದೇ ಕೆಲಸವನ್ನು ಒಂದು ರೂಪಾಯಿ ಅನುದಾನ ಇಲ್ಲದೆ ಮಾಡ್ತಿರೋ ಮಕ್ಕಳು ಹೊಸಪೇಟೆಯಲ್ಲೇ ಇದ್ದಾರೆ. ಅವರ ಬಗ್ಗೆ ಹೇಳೋಕೆ ಈ ಪೋಸ್ಟ್.

ನಮ್ಮ ಏರಿಯಾದಲ್ಲಿ ಒಂದು ಗುಜರಿ ಅಂಗಡಿ ಇದೆ. ಹಿಂದೆ ಖಾಲಿ ಜಾಗ. ಅಲ್ಲಿ ಎಂಜಿನ್ನು, ಟೈರು ಎಲ್ಲಾ ಕಿತ್ತುಕೊಂಡ ಮೇಲೆ ಉಳಿದ ಒಂದು ಲಾರಿ ಕ್ಯಾಬಿನ್ನು ಬಿದ್ದಿದೆ. ಅದಿರಿನ ಕಾಲದ್ದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರು, ಹೊಸಪೇಟೆ ರಸ್ತೆಯಲ್ಲಿ ಓಡ್ತಿದ್ದ ಎಷ್ಟೋ ಲಾರಿಗಳ ಗತಿ ಇದೇ ಆಯ್ತು. ಭಾನುವಾರ ಬಂತಂದ್ರೆ ಈ ಕ್ಯಾಬಿನ್ನೇ ಮಕ್ಕಳ ರಾಕೆಟ್ಟು. ಗೇರ್ ಲಿವರ್ ಇನ್ನೂ ಇದೆ, ಅದೇ ಲಾಂಚ್ ಬಟನ್. ವಾಷಿಂಗ್ ಮಷೀನಿನ ಡ್ರಮ್ಮು ಇಂಧನ ಟ್ಯಾಂಕು. ಬೇರಿಂಗ್ ಗಾಲಿ ಹಾಕಿದ ಹಲಗೆ ಪ್ರಗ್ಯಾನ್ ರೋವರ್ರು. ಕಂಟ್ರೋಲ್ ರೂಮಿನ ಉಸ್ತುವಾರಿ ಒಬ್ಬ ಹುಡುಗಿಯದು. ಇಸ್ರೋದಲ್ಲಿ ಸೀರೆ ಉಟ್ಟ ಹೆಂಗಸರು ಇರ್ತಾರೆ ಅಂತ ಟಿವಿಯಲ್ಲಿ ನೋಡಿದ್ದಾಳೆ, ಅದಕ್ಕೆ ಅವ್ವನ ಹಳೇ ಸೀರೆ ಸುತ್ತಿಕೊಂಡೇ ಕೂರ್ತಾಳೆ. ಕೌಂಟ್‌ಡೌನ್ ಟೆನ್ ನೈನ್ ಎಯ್ಟ್ ಅಂತ ಇಂಗ್ಲಿಷಿನಲ್ಲೇ ಆಗ್ಬೇಕು, ಕನ್ನಡದಲ್ಲಿ ಹೇಳಿದ್ರೆ ರಾಕೆಟ್ ಏಳಲ್ವಂತೆ!

2023ರ ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳೀತಲ್ಲ, ಅವತ್ತು ಹತ್ತಿದ ಹುಚ್ಚು ಇದು.

ಒಂದು ದಿನ ಅವರ ಚಂದ್ರನ ನೆಲ ನೋಡಿದೆ. ಎಲ್ಲಿಂದಲೋ ಕೆಂಪು ಮಣ್ಣು ತಂದು ಸುರಿದಿದ್ರು. 'ಏ, ಚಂದ್ರ ಬೂದಿ ಬಣ್ಣ ಇರ್ತಾನ್ರೋ, ಕೆಂಪಗಿರೋದು ಮಂಗಳ' ಅಂದೆ. 'ನಮ್ಮ ಕಡೆ ಎಲ್ಲಾ ಕೆಂಪೇ ಐತಲ್ಲ ಮಾಮ' ಅಂದ ಒಬ್ಬ. ಆ ಮಾತು ತಲೆಯಲ್ಲೇ ಉಳೀತು. ಮಂಗಳ ಗ್ರಹ ಕೆಂಪಾಗಿ ಕಾಣೋದು ಅಲ್ಲಿನ ಧೂಳಲ್ಲಿರೋ ಕಬ್ಬಿಣದ ಆಕ್ಸೈಡಿನಿಂದ. ಸಂಡೂರಿನ ಅದಿರು ಹೆಮಟೈಟ್, ಅದೂ ಕಬ್ಬಿಣದ ಆಕ್ಸೈಡೇ. 2004ರಲ್ಲಿ ನಾಸಾದ ಆಪರ್ಚುನಿಟಿ ರೋವರ್ ಮಂಗಳದ ಮೇಲೆ ಹೆಮಟೈಟಿನ ಸಣ್ಣ ಸಣ್ಣ ಗುಂಡುಗಳನ್ನು ಪತ್ತೆ ಮಾಡ್ತು. ಅಂದ್ರೆ ಅಷ್ಟು ಕೋಟಿ ಖರ್ಚು ಮಾಡಿ ಅಲ್ಲಿ ಹುಡುಕಿದ ವಸ್ತು ಸಂಡೂರಿನ ಮಕ್ಕಳ ಕಾಲಡಿ ಬಿದ್ದಿದೆ. ಇದನ್ನು ಪಾಠ ಮಾಡಬಹುದಿತ್ತು. ಅದಿರಿನ ಭರಾಟೆಯ ಕಾಲದಲ್ಲಿ ಏನು ಮಾಡಿದ್ವಿ? ಮಕ್ಕಳ ಕೈಗೆ ಸುತ್ತಿಗೆ ಕೊಟ್ಟು ಅದಿರು ಒಡೆಸಿದ್ವಿ. ಆಗಿನ ಫೋಟೋಗಳು, ವರದಿಗಳು ಹಳೇ ಕಾರ್ಯಕರ್ತರಿಗೆ ನೆನಪಿರಬೇಕು.

ಬಾಹ್ಯಾಕಾಶ ನಮಗೆ ದೂರವೂ ಅಲ್ಲ. ಕೂಡ್ಲಿಗಿ ದಾಟಿದ್ರೆ ಚಿತ್ರದುರ್ಗ ಜಿಲ್ಲೆ. ಅಲ್ಲಿ ಚಳ್ಳಕೆರೆ ಹತ್ತಿರದ ರನ್‌ವೇನಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆ ಇರೋ ಮರುಬಳಕೆ ವಾಹನ ಇಳಿಸಿದ್ರು. ಹೆಲಿಕಾಪ್ಟರ್‌ನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು, ಪೈಲಟ್ ಇಲ್ಲದೆ ತಾನೇ ಬಂದು ಇಳೀತು. 2024ರಲ್ಲಿ ಮತ್ತೆ ಎರಡು ಸಲ ಪುಷ್ಪಕ್ ಅನ್ನೋ ಹೆಸರಲ್ಲಿ ಇಳಿಸಿದ್ರು. ಆ ಭಾಗದಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಸಾವಿರಾರು ಎಕರೆ ಅಮೃತಮಹಲ್ ಕಾವಲು ಕೊಟ್ಟಾಗ ಕುರಿ, ದನ ಮೇಯಿಸೋರು ಹೋರಾಟ ಮಾಡಿದ್ದು ನಮಗೆಲ್ಲ ಗೊತ್ತು. ಬಡವರ ಹುಲ್ಲುಗಾವಲು ವಿಜ್ಞಾನಕ್ಕೆ ಬೇಕು. ಬಡವರ ಮಕ್ಕಳು ವಿಜ್ಞಾನಕ್ಕೆ ಬೇಡವಾ?

ನಾನು ಹೇಳೋದು ಇಷ್ಟೇ. ನಮ್ಮ ಮಕ್ಕಳಿಗೆ ಕುತೂಹಲ ಕಮ್ಮಿ ಇಲ್ಲ, ಬುದ್ಧಿ ಕಮ್ಮಿ ಇಲ್ಲ. ಕಮ್ಮಿ ಇರೋದು ಜಾಗ, ಸಾಮಾನು, ಮತ್ತು ಜೊತೆಗೆ ನಿಂತು ಹೇಳಿಕೊಡೋ ಒಬ್ಬರು. ಈ ಮೂರನ್ನೂ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅಂತ ಈ ದೇಶದಲ್ಲಿ ಜಾತಿ ತೀರ್ಮಾನ ಮಾಡುತ್ತೆ.

ಜಾಸ್ತಿ ಆಯ್ತು ಅನ್ಸುತ್ತಾ? ಚಂದ್ರಯಾನ ಇಳಿದ ಅದೇ ವರ್ಷ, ಡಿಸೆಂಬರಿನಲ್ಲಿ, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಮೊರಾರ್ಜಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಕ್ಲೀನ್ ಮಾಡಿಸಿದ್ದು ರಾಜ್ಯಕ್ಕೆಲ್ಲ ಗೊತ್ತಾಯ್ತು. ದೇಶ ಚಂದ್ರನ ಮೇಲೆ ಇಳಿದು ನಾಲ್ಕು ತಿಂಗಳೂ ಆಗಿರಲಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲನಿಗೆ ಕಾರ್ಲ್ ಸೇಗನ್ ತರಹ ವಿಜ್ಞಾನದ ಲೇಖಕ ಆಗೋ ಆಸೆ ಇತ್ತು. 2016ರ ಜನವರಿ 17ರಂದು ಅದನ್ನೇ ಪತ್ರದಲ್ಲಿ ಬರೆದಿಟ್ಟು ಹೋದ. ಅಲ್ಲಿವರೆಗೆ ತಲುಪಿದವನನ್ನೂ ನಾವು ಉಳಿಸಿಕೊಳ್ಳಲಿಲ್ಲ.

ಈಗ ಇನ್ನೊಂದು ಕಡೆಯ ಅಪಾಯ. ಇಂಥ ಆಟ ಕಂಡ್ರೆ ಕೆಲವು ಗೆಳೆಯರು ಫೋಟೋ ತೆಗೆದು 'ಗುಜರಿಯಲ್ಲಿ ಅರಳಿದ ಪ್ರತಿಭೆ' ಅಂತ ಹಾಕ್ತಾರೆ. ಲೈಕು ಬರುತ್ತೆ. ದಯವಿಟ್ಟು ಬೇಡ. ಗುಜರಿಯಲ್ಲಿ ಏನೂ ಅರಳಲ್ಲ. ತುಕ್ಕು ಹಿಡಿದ ತಗಡು ಇರುತ್ತೆ, ಒಡೆದ ಟ್ಯೂಬ್‌ಲೈಟ್ ಇರುತ್ತೆ, ಬ್ಯಾಟರಿ ಆಸಿಡ್ಡು, ಸೀಸ ಇರುತ್ತೆ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರ್ಕೆಟ್ಟಿನಲ್ಲಿ ಏನಾಯ್ತು ನೆನಪು ಮಾಡ್ಕೊಳ್ಳಿ. ದೆಹಲಿ ವಿಶ್ವವಿದ್ಯಾಲಯದ ಲ್ಯಾಬಿನ ಹಳೇ ಯಂತ್ರ ಹರಾಜಾಗಿ ಗುಜರಿಗೆ ಬಂತು. ಒಳಗೆ ಕೋಬಾಲ್ಟ್-60 ಇತ್ತು, ವಿಕಿರಣ ಸೂಸೋ ವಸ್ತು. ಅದನ್ನು ಬಿಚ್ಚಿದ ಗುಜರಿ ಕೆಲಸಗಾರರಲ್ಲಿ ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಲ್ಯಾಬಿನ ಕಸ ನಮ್ಮವರ ಕೈಗೆ ಬರುತ್ತೆ, ಲ್ಯಾಬಿನ ಬಾಗಿಲು ಮಾತ್ರ ತೆರೆಯಲ್ಲ.

ನಮ್ಮ ಈ ಆಟದಲ್ಲಿ ಪೈಲಟ್ ಆಗೋ ಹುಡುಗನಿಗೆ ಹದಿಮೂರು. ಭಾನುವಾರ ಪೈಲಟ್ಟು, ಉಳಿದ ದಿನ ವೈರ್ ಸುಟ್ಟು ತಾಮ್ರ ತೆಗೀತಾನೆ. ಶಾಲೆ ರಿಜಿಸ್ಟರಿನಲ್ಲಿ ಹೆಸರಿದೆ, ಹುಡುಗ ಇಲ್ಲ. ಕೇಳಿದ್ರೆ 'ಅಪ್ಪಗೆ ಸಹಾಯ ಮಾಡ್ತಾನ್ರಿ' ಅಂತಾರೆ ಮನೆಯವರು. ಕಾನೂನು ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಸಬಾರದು ಅನ್ನುತ್ತೆ. ಆದ್ರೆ 2016ರ ತಿದ್ದುಪಡಿಯಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ: ಶಾಲೆ ಮುಗಿದ ಮೇಲೆ, ರಜೆಯಲ್ಲಿ, ಅಪಾಯಕಾರಿ ಅಲ್ಲದ ಮನೆ ಕಸುಬಿಗೆ ಮಗು ಕೈಜೋಡಿಸಬಹುದು. ವೈರ್ ಸುಡೋದು ಈ ವಿನಾಯಿತಿಯೊಳಗೆ ಬರೋದೇ ಇಲ್ಲ. ಆದ್ರೂ 'ಮನೆ ಕೆಲಸ' ಅಂದ ತಕ್ಷಣ ಕೇಳೋರು ಸುಮ್ಮನಾಗ್ತಾರೆ. ಡಾಕ್ಟರ್ ಮನೆಯಲ್ಲಿ ಮನೆ ಕಸುಬು ಅಂದ್ರೆ ಸ್ಟೆತಸ್ಕೋಪು. ನಮ್ಮಲ್ಲಿ ಮನೆ ಕಸುಬು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾ? ಜಾತಿ ಕಸುಬು ಹಿಂಬಾಗಿಲಿಂದ ಒಳಗೆ ಬರೋದು ಹೀಗೇ.

ಹಾಗಾದ್ರೆ ಮಕ್ಕಳನ್ನು ಅಲ್ಲಿಂದ ಓಡಿಸಿ ಬೀಗ ಹಾಕೋದಾ? ಅದೂ ಅಲ್ಲ. 1943ರಲ್ಲಿ, ಜರ್ಮನ್ ಸೈನ್ಯ ಡೆನ್ಮಾರ್ಕನ್ನು ಹಿಡಿದಿದ್ದ ಕಾಲದಲ್ಲಿ, ಕೋಪನ್‌ಹೇಗನ್ನಿನ ಎಂಡ್ರುಪ್ ಅನ್ನೋ ಕಡೆ 'ಗುಜರಿ ಆಟದ ಮೈದಾನ' ಅಂತಲೇ ಒಂದನ್ನು ಮಾಡಿದ್ರು. ಸೋರೆನ್‌ಸೆನ್ ಅನ್ನೋ ವಿನ್ಯಾಸಕಾರ ಗಮನಿಸಿದ್ದ, ತಾನು ಚಂದ ಮಾಡಿಕೊಟ್ಟ ಪಾರ್ಕಿಗಿಂತ ಮಕ್ಕಳಿಗೆ ಹಳೇ ಮರ, ಇಟ್ಟಿಗೆ, ಟೈರಿನ ರಾಶಿಯೇ ಇಷ್ಟ ಅಂತ. ಜಾಗಕ್ಕೆ ಬೇಲಿ ಹಾಕಿ, ಸಾಮಾನು ಕೊಟ್ಟು, ನೋಡಿಕೊಳ್ಳೋಕೆ ಒಬ್ಬ ಹಿರಿಯರನ್ನ ಇಟ್ಟರು. ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಬಾಂಬ್ ಬಿದ್ದ ಜಾಗಗಳಲ್ಲೂ ಇಂಥವು ಬಂದವು. ಅಲ್ಲಿ ಗುಜರಿ ಮಕ್ಕಳ ಆಟಕ್ಕೆ ಬಂತು. ಇಲ್ಲಿ ಮಕ್ಕಳು ಗುಜರಿಯ ಕೆಲಸಕ್ಕೆ ಹೋದರು. ಆಟ ಮಗುವಿನ ಹಕ್ಕು ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತೆ, ಭಾರತ 1992ರಲ್ಲೇ ಒಪ್ಪಿದೆ.

ನಾನು ಆಫೀಸಿನಲ್ಲಿ ಗುಮಾಸ್ತ. ಭಾಷಣಕ್ಕಿಂತ ಅರ್ಜಿಗೆ ಬೆಲೆ ಜಾಸ್ತಿ ಅಂತ ದಿನಾ ನೋಡ್ತೀನಿ. ಹಂಗಾಗಿ ಕೆಲಸದ ಮಾತು:

1. ಸಂಡೂರು, ಹೊಸಪೇಟೆ ಗೆಳೆಯರು ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಕೇಳಿ. ಗಣಿಬಾಧಿತ ಜನರಿಗಾಗಿಯೇ ಇರೋ ದುಡ್ಡು ಅದು, ಶಿಕ್ಷಣ ಮತ್ತು ಮಕ್ಕಳ ಕಲ್ಯಾಣ ಅದರ ಆದ್ಯತೆಯಲ್ಲೇ ಇದೆ. ಎಸ್ಸಿ, ಎಸ್ಟಿ ಹಾಸ್ಟೆಲ್ಲಿಗೊಂದು ವಿಜ್ಞಾನ ಕೊಠಡಿ, ಒಂದು ಟೆಲಿಸ್ಕೋಪ್ ಬೇಕು ಅಂತ ಬರೀರಿ.

2. ಈಗಾಗಲೇ ಟಿಂಕರಿಂಗ್ ಲ್ಯಾಬ್ ಇರೋ ಶಾಲೆಗಳು ಭಾನುವಾರ ಅರ್ಧ ದಿನ ಬೇರೆ ಮಕ್ಕಳಿಗೂ ಬಾಗಿಲು ತೆಗೀಲಿ. ಬೀಗ ಹಾಕಿಟ್ಟ ಲ್ಯಾಬು ಯಾರ ಉದ್ಧಾರಕ್ಕೆ?

3. ಚಿಂದಿ ಆಯುವವರನ್ನು ನೋಂದಣಿ ಮಾಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಿತ್ತು. ನಗರಸಭೆ, ಪುರಸಭೆಗೆ ಹೋಗಿ ಎಷ್ಟು ಜನರನ್ನು ನೋಂದಣಿ ಮಾಡಿದ್ದೀರಿ ಅಂತ ಆರ್‌ಟಿಐ ಹಾಕಿ. ಕೇಂದ್ರದ ಪ್ರಿ-ಮೆಟ್ರಿಕ್ ಸ್ಕಾಲರ್‌ಶಿಪ್ಪಿನಲ್ಲಿ ಅವರ ಮಕ್ಕಳಿಗೆ ಪಾಲಿದೆ. ಈ ವಿಷಯ ಗೊತ್ತಿಲ್ಲದ ತಾಯಂದಿರೇ ಜಾಸ್ತಿ. ಹೋಗಿ ಹೇಳಿ, ಫಾರಂ ತುಂಬಿಸಿ.

4. ಕಂಪ್ಲಿ, ಹಂಪಿ ಕಡೆಯ ಮೇಷ್ಟ್ರುಗಳಿಗೆ ಒಂದು ವಿನಂತಿ. ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳೋದನ್ನ ಪವಾಡ ಅಂತ ತೋರಿಸಬೇಡಿ. ಸಣ್ಣ ಕಿಂಡಿಯಿಂದ ಬೆಳಕು ನೇರವಾಗಿ ಬಂದಾಗ ಚಿತ್ರ ತಿರುಗಿ ಬೀಳುತ್ತೆ. ಒಂದು ರಟ್ಟಿನ ಡಬ್ಬಿ, ಒಂದು ಮೊಳೆ, ಒಂದು ಎಣ್ಣೆ ಹಚ್ಚಿದ ಹಾಳೆ ಇದ್ರೆ ಮಕ್ಕಳು ಅದನ್ನೇ ತರಗತಿಯಲ್ಲಿ ಮಾಡ್ತಾರೆ.

ಯಾವ ಅರ್ಜಿ ಕೊಟ್ರೂ ಇನ್‌ವರ್ಡ್ ನಂಬರ್ ಮತ್ತು ಸೀಲು ಹಾಕಿಸ್ಕೊಳ್ದೆ ವಾಪಸ್ ಬರಬೇಡಿ. 'ಆಮೇಲೆ ಬರ್ರಿ' ಅಂತಾರೆ. ಅಲ್ಲೇ ಕೂತ್ಕೊಳ್ಳಿ. ಅರ್ಜಿಯ ಮಾದರಿ ಬೇಕಾದವರು ಕಾಮೆಂಟಿನಲ್ಲಿ ಹೇಳಿ, ಟೈಪ್ ಮಾಡಿ ಕಳಿಸ್ತೀನಿ.

ಬಾಬಾಸಾಹೇಬರು ಹುಡುಗನಿದ್ದಾಗ ಶಾಲೆಯಲ್ಲಿ ಕೂರೋಕೆ ಮನೆಯಿಂದ ಗೋಣಿಚೀಲ ಒಯ್ಯಬೇಕಿತ್ತು, ವಾಪಸ್ ಬರುವಾಗ ಅದನ್ನೂ ಹೊತ್ಕೊಂಡು ಬರಬೇಕಿತ್ತು. ಮುಟ್ಟಿದ್ರೆ ಮೈಲಿಗೆ ಅಂತ ಶಾಲೆಯ ಜವಾನನೂ ಆ ಚೀಲ ಮುಟ್ಟುತ್ತಿರಲಿಲ್ಲ. ಅಷ್ಟಾದ್ರೂ ಅವರು ಶಾಲೆಗೇ ಹೊರಟಿದ್ರು. ನಮ್ಮ ಏರಿಯಾದ ಮಕ್ಕಳ ಹೆಗಲ ಮೇಲೆ ಈಗಲೂ ಗೋಣಿಚೀಲ ಇದೆ, ದಾರಿ ಮಾತ್ರ ಗುಜರಿ ಅಂಗಡಿಗೆ. ಈ ವರ್ಷ ಒಂದೊಂದು ಊರಿನಲ್ಲಿ ಒಂದೊಂದು ಮಗುವಿನ ಹೆಗಲಿಂದಾದ್ರೂ ಆ ಚೀಲ ಇಳಿಸೋಣ. ನಮ್ಮ ಏರಿಯಾದ ಆ ಹದಿಮೂರರ ಹುಡುಗನ ಮನೆಗೆ ಸೋಮವಾರ ಬೆಳಿಗ್ಗೆ ನಾನೂ ಇನ್ನಿಬ್ಬರು ಗೆಳೆಯರೂ ಹೋಗ್ತಿದೀವಿ. ಅಲ್ಲಿಂದ ಸೀದಾ ಶಾಲೆಗೆ. ಹೊಸಪೇಟೆಯಲ್ಲಿರೋರು ಯಾರಾದ್ರೂ ಬರೋದಿದ್ರೆ ಇನ್‌ಬಾಕ್ಸಿಗೆ ಬನ್ನಿ.

ಜೈ ಭೀಮ್.