ಹಳೆ ಗೋಲಿಗೆ ಲಕ್ಷ ರೂಪಾಯಿಯಂತೆ... ಸ್ವಲ್ಪ ತಾಳಿ ಸ್ವಾಮೀ!

ಮೂರು ವಾರದಿಂದ ನನಗೆ ಬರೀ ಗೋಲಿಗಳ ಫೋಟೋ ಬರ್ತಿವೆ. ಸ್ಟೀಲ್ ಡಬ್ಬಿಯಲ್ಲಿ ಗೋಲಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಗೋಲಿ, ಅಜ್ಜಿಯ ಎಲೆಯಡಿಕೆ ಚೀಲದಲ್ಲಿ ಗೋಲಿ. ಎಲ್ಲದರ ಕೆಳಗೂ ಒಂದೇ ಪ್ರಶ್ನೆ: "ಇದಕ್ಕೆ ಎಷ್ಟು ಬರಬಹುದು?"

ನಾನು ಹಳೆ ಗೋಲಿ ಒಟ್ಟು ಹಾಕುವ ಹುಚ್ಚ ಅನ್ನೋದು ನಾಲ್ಕು ಜನಕ್ಕೆ ಗೊತ್ತು. ಈಗ ಯಾರೋ ಪುಣ್ಯಾತ್ಮರು ವಾಟ್ಸಾಪಿನಲ್ಲಿ "ನಿಮ್ಮ ಮನೆಯ ಹಳೆ ಗೋಲಿಗೆ ಲಕ್ಷ ಲಕ್ಷ" ಅಂತ ಹರಿಬಿಟ್ಟಿದ್ದಾರೆ. ಟ್ರ್ಯಾಕ್ಟರ್ ಚಿತ್ರ ಇರೋ ಐದು ರೂಪಾಯಿ ನೋಟಿಗೆ ಲಕ್ಷ ಬರುತ್ತೆ ಅಂತ ಹರಿದಾಡಿತ್ತಲ್ಲ, ಅದರ ತಮ್ಮ ಇದು. ಫೋಟೋ ಕಳಿಸಿದವರಿಗೆಲ್ಲ ನಾನು "ಏನೂ ಬರಲ್ಲ, ಮಗುಗೆ ಆಡೋಕೆ ಕೊಡಿ" ಅಂತ ಬರೆದೆ. ಇಬ್ಬರು ಮಾತು ಬಿಟ್ಟಿದ್ದಾರೆ. ಒಬ್ಬರು ಮಾತ್ರ "ಐವತ್ತು ವರ್ಷ ಹಳೇದು ಕಣ್ರೀ, ಹೆಂಗ್ರೀ ಬೆಲೆ ಇಲ್ಲ ಅಂತೀರಿ?" ಅಂತ ಜಗಳಕ್ಕೇ ನಿಂತರು. ಈ ಜಗಳ ಒಂದು ಸಲ ಪೂರ್ತಿ ಆಡಿಬಿಡೋಣ ಅಂತ ಈ ಬರಹ.

ಹಳೇದಾದ ಮಾತ್ರಕ್ಕೆ ಬೆಲೆ ಬರಲ್ಲ. ಬರೋ ಹಾಗಿದ್ದರೆ ನಮ್ಮೂರ ಹೊಳೆಯ ಕಲ್ಲಿಗೆ ಕೊಹಿನೂರಿಗಿಂತ ಜಾಸ್ತಿ ಬರಬೇಕಿತ್ತು. ಗೋಲಿಯ ಲೋಕದಲ್ಲಿ ಇದಕ್ಕೆ ಒಳ್ಳೆ ಸಾಕ್ಷಿ ಇದೆ. ಹತ್ತೊಂಬತ್ತನೇ ಶತಮಾನದ ಮಣ್ಣಿನ ಗೋಲಿಗಳು, ಅಂದರೆ ಜೇಡಿಮಣ್ಣು ಉಂಡೆ ಕಟ್ಟಿ ಸುಟ್ಟವು, ಅಮೆರಿಕದಲ್ಲಿ ಇವತ್ತಿಗೂ ಚಿಲ್ಲರೆ ದುಡ್ಡಿಗೆ ಸಿಗ್ತವೆ. ನೂರು ವರ್ಷ ದಾಟಿದ ವಸ್ತು ಸ್ವಾಮೀ! ಆದರೆ ಅವನ್ನ ರಾಶಿ ರಾಶಿ ಮಾಡಿದ್ದರು, ರಾಶಿ ರಾಶಿ ಉಳಿದಿವೆ. ಅದೇ ಅಮೆರಿಕದ ಒಹಾಯೋದಲ್ಲಿ ಕ್ರಿಸ್ಟೆನ್ಸನ್ ಅಗೇಟ್ ಅಂತ ಒಂದು ಕಂಪನಿ 1925ರಲ್ಲಿ ಶುರುವಾಗಿ 1930ರ ದಶಕದ ಮೊದಲ ವರ್ಷಗಳಲ್ಲೇ ಬಾಗಿಲು ಹಾಕಿತು. ಅವರದೊಂದು ಗೋಲಿಗೆ 'ಗಿನೀ' ಅಂತ ಹೆಸರು. ಗಿನಿಕೋಳಿಯ ಪುಕ್ಕದ ಹಾಗೆ ಮೈತುಂಬ ಬಣ್ಣದ ಚುಕ್ಕೆ. ಮಣ್ಣಿನ ಗೋಲಿಯ ಮೊಮ್ಮಗಳ ವಯಸ್ಸಿನದು. ಚೆನ್ನಾಗಿರೋ ಒಂದಕ್ಕೆ ನೂರಾರು ಡಾಲರ್ ಕೊಡ್ತಾರೆ. ಕಾರಣ, ಕಂಪನಿ ಬದುಕಿದ್ದು ಕೆಲವೇ ವರ್ಷ, ಅದು ಮಾಡಿದ್ದ ಬಣ್ಣ ಬೇರೆಯವರು ಮಾಡಲಿಲ್ಲ.

ಹಾಗಾದರೆ ಬೆಲೆ ಎಲ್ಲಿಂದ ಬರುತ್ತೆ? ಮೊದಲು ಗೋಲಿ ಹೇಗೆ ಹುಟ್ಟಿತು ಅನ್ನೋದು ಗೊತ್ತಿರಬೇಕು.

ಜರ್ಮನಿಯ ತುರಿಂಗಿಯಾದಲ್ಲಿ ಲೌಶಾ ಅಂತ ಗಾಜಿನ ಊರಿದೆ. ಕ್ರಿಸ್‌ಮಸ್ ಮರಕ್ಕೆ ನೇತುಹಾಕುವ ಗಾಜಿನ ಗುಂಡುಗಳಿಗೂ ಅದೇ ಊರು ಪ್ರಸಿದ್ಧ. 1840ರ ದಶಕದಲ್ಲಿ ಅಲ್ಲಿನ ಗಾಜುಗಾರರು ಒಂದು ಕತ್ತರಿ ಕಂಡುಹಿಡಿದರು. ಅದರ ತುದಿಯಲ್ಲಿ ಬಟ್ಟಲಿನಂಥ ಗುಳಿ. ಬಣ್ಣದ ಎಳೆಗಳಿರೋ ಬಿಸಿ ಗಾಜಿನ ಕೋಲನ್ನ ಆ ಬಟ್ಟಲಿಗಿಟ್ಟು ತಿರುಗಿಸಿ ಕತ್ತರಿಸಿದರೆ ಗೋಲಿ. ತಿರುಗಿಸಿದ್ದಕ್ಕೆ ಒಳಗಿನ ಎಳೆ ಸುರುಳಿ ಸುತ್ತಿಕೊಳ್ಳುತ್ತೆ. ಕತ್ತರಿಸಿದ ಕಡೆ ಒರಟು ಗುರುತು ಉಳಿಯುತ್ತೆ, ಸಾಮಾನ್ಯವಾಗಿ ಎರಡು ತುದಿಗೂ ಒಂದೊಂದು. ಮಗುವಿಗೆ ಹೊಕ್ಕಳು ಇದ್ದ ಹಾಗೆ. ಕೈಯಲ್ಲಿ ಮಾಡಿದ ಗೋಲಿಗೆ ಅದೇ ಜಾತಕ.

ಆಮೇಲೆ ಯಂತ್ರ ಬಂತು. ಒಹಾಯೋದ ಆಕ್ರನ್ನಿನಲ್ಲಿ ಮಾರ್ಟಿನ್ ಫ್ರೆಡರಿಕ್ ಕ್ರಿಸ್ಟೆನ್ಸನ್ ಅನ್ನೋರು 1905ರಲ್ಲಿ ಗಾಜಿನ ಗುಂಡು ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದರು. (ಮೇಲಿನ ಕ್ರಿಸ್ಟೆನ್ಸನ್ ಅಗೇಟ್ ಬೇರೆ, ಇವರು ಬೇರೆ. ಇದರಲ್ಲೇ ಅರ್ಧ ಜನ ಎಡವುತ್ತಾರೆ.) ಕರಗಿದ ಗಾಜಿನ ಮುದ್ದೆ ತೋಡು ಇರುವ ಉರುಳೆಗಳ ಮಧ್ಯೆ ಉರುಳಿ ಉರುಳಿ ಗುಂಡಗಾಗುತ್ತೆ, ಹೊಕ್ಕಳು ಮಾಯ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಯ ಮಾಲು ನಿಂತಾಗ ಅಮೆರಿಕದ ಕಂಪನಿಗಳಿಗೆ ಸುಗ್ಗಿ. ಅಕ್ರೋ ಅಗೇಟ್ ಅದೇ ವರ್ಷ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗಿಗೆ ಹೋಗಿ ನೆಲೆಯೂರಿ 1951ರವರೆಗೆ ನಡೀತು. 1950ರ ದಶಕದಲ್ಲಿ ಜಪಾನಿನ 'ಬೆಕ್ಕಿನ ಕಣ್ಣು' ಬಂದು ಎಲ್ಲರ ಕಣ್ಣಲ್ಲೂ ನೀರು ತರಿಸಿತು. ತಿಳಿಗಾಜಿನೊಳಗೆ ಬಣ್ಣದ ಎಸಳು ಇರೋದು. ನೀವು ಕಳಿಸಿದ ಫೋಟೋಗಳಲ್ಲಿ ಹತ್ತಕ್ಕೆ ಒಂಬತ್ತು ಅದೇ ಜಾತಿ. ಆ ಜಾತಿಯವು ಲೋಕದಲ್ಲಿ ಎಷ್ಟಿವೆ ಅಂದರೆ ಲಕ್ಷ ಬಿಡಿ, ಕಳಿಸೋ ಕೊರಿಯರ್ ಖರ್ಚು ಹುಟ್ಟಲ್ಲ.

ಸಂಗ್ರಾಹಕರು ನೋಡೋದು ನಾಲ್ಕು: ಜಾತಿ, ಗಾತ್ರ, ಮೈಯ ಸ್ಥಿತಿ, ಕಣ್ಣಿಗೆ ಹೇಗೆ ಕಾಣುತ್ತೆ ಅನ್ನೋದು. ಸಾಮಾನ್ಯ ಆಟದ ಗೋಲಿ ಸುಮಾರು 16 ಮಿಲಿಮೀಟರ್. ಯಂತ್ರದ ಹಳೆ ಗೋಲಿ ಒಂದು ಇಂಚು ದಾಟಿದರೆ ಅಪರೂಪ, ಬೆಲೆ ಏರುತ್ತೆ. ಮೈಮೇಲೆ ಒಂದು ಚಕ್ಕೆ ಎದ್ದಿದ್ದರೂ ಧಡ್ಡನೆ ಇಳಿಯುತ್ತೆ. ಹಳೆ ರಟ್ಟಿನ ಡಬ್ಬಿ ಸಮೇತ ಸಿಕ್ಕರೆ ಎಷ್ಟೋ ಸಲ ಗೋಲಿಗಿಂತ ಡಬ್ಬಿಗೇ ಜಾಸ್ತಿ. ಡಬ್ಬಿ ಎಸೆಯದ ಮಗು ಎಲ್ಲಿ ಸಿಗ್ತಾನೆ ಹೇಳಿ?

ಇಲ್ಲಿ ನನಗೆ ಒಂದು ಸಿಟ್ಟು ಇದೆ, ಹೇಳಿಬಿಡ್ತೀನಿ. ಈ ಲೆಕ್ಕದಲ್ಲಿ ಚೆನ್ನಾಗಿ ಆಡಿದ ಗೋಲಿಗೆ ಬೆಲೆ ಇಲ್ಲ, ಆಡದೆ ಡಬ್ಬಿಯಲ್ಲಿ ಮಲಗಿದ ಸೋಮಾರಿಗೆ ಬೆಲೆ. ಹತ್ತು ಬೀದಿಯ ಹುಡುಗರನ್ನ ಸೋಲಿಸಿದ ಗೋಲಿಯ ಮೈ ತುಂಬ ಚಂದ್ರನಾಕಾರದ ಪೆಟ್ಟಿನ ಗುರುತು. ಮಾರುಕಟ್ಟೆ ಅದನ್ನ 'ಹಾಳಾದ ಮಾಲು' ಅನ್ನುತ್ತೆ. ಅನ್ನಲಿ. ಮಾರುಕಟ್ಟೆಯ ಕಾರಣ ಅರ್ಥವಾಗುತ್ತೆ, ಮೂಲ ಮೈ ಉಳಿದಿದ್ದರೆ ತಾನೇ ಎಲ್ಲಿ ಹೇಗೆ ಮಾಡಿದ್ದು ಅಂತ ಓದೋಕಾಗೋದು. ಆದರೆ ಅದೊಂದೇ ಲೆಕ್ಕ ಅಂತ ನಂಬಿದವರು ಮಾಡೋ ಅನಾಹುತ ನೋಡಿ.

ಒಹಾಯೋದಲ್ಲಿರೋ ಒಬ್ಬ ಕನ್ನಡದ ಗೆಳೆಯ, ಮನೆ ಮುಂದೆ ಹಳೆ ಸಾಮಾನು ಹರಡಿ ಮಾರ್ತಾರಲ್ಲ, ಅಲ್ಲಿ ಒಂದು ಜಾಡಿ ಗೋಲಿ ತಗೊಂಡ. ಫೋಟೋದಲ್ಲಿ ಒಂದು ದೊಡ್ಡ ಸುರುಳಿ ಎಳೆಯ ಗೋಲಿ, ಎರಡು ತುದಿಗೂ ಹೊಕ್ಕಳು. ಕುಣಿದುಬಿಟ್ಟೆ. ಮುಟ್ಟಬೇಡ ಮಾರಾಯ ಅಂತ ಬರೆಯೋ ಹೊತ್ತಿಗೆ ಅವನು "ಸ್ವಲ್ಪ ಗೀರು ಇತ್ತು, ಪಾಲಿಶ್ ಮಾಡಿಸಿದೆ, ಈಗ ನೋಡು ಹೊಸದರ ಹಾಗಿದೆ" ಅಂತ ಇನ್ನೊಂದು ಫೋಟೋ ಹಾಕಿದ. ಹೌದು, ಹೊಸದರ ಹಾಗೇ ಇತ್ತು. ಹೊಕ್ಕಳು ಎರಡೂ ಹೋಗಿದ್ದವು. ದುಡ್ಡು ಕೊಟ್ಟು ಜಾತಕ ಸುಟ್ಟ ಹಾಗಾಯ್ತು.

ಅವನನ್ನ ನಗೋ ಯೋಗ್ಯತೆ ನನಗಿಲ್ಲ ಬಿಡಿ. ನಾನೂ ಬೋಳಿಸಿಕೊಂಡವನೇ. ಸಲ್ಫೈಡ್ ಅಂತ ಒಂದು ಜಾತಿ ಇದೆ, ತಿಳಿ ಗಾಜಿನೊಳಗೆ ಬೆಳ್ಳಿಯ ಹಾಗೆ ಹೊಳೆಯುವ ಬಿಳಿ ಬೊಂಬೆ. ಕುರಿ, ನಾಯಿ, ಮನುಷ್ಯ, ಎಲ್ಲ ಇರ್ತವೆ. ಒಂದು ಹರಾಜು ತಾಣದಲ್ಲಿ ಸಿಂಹ ಇರೋದು ಕಂಡಿತು. "ನೂರು ವರ್ಷಕ್ಕೂ ಹಳೆಯದು" ಅಂತ ಬರೆದಿದ್ದರು. ಏಳು ಸಾವಿರ ರೂಪಾಯಿ ಸುರಿದೆ. ಬಂದ ಮೇಲೆ ನೋಡಿದರೆ ಮೈ ನುಣ್ಣಗೆ, ಹೊಕ್ಕಳಿಲ್ಲ, ನೂರು ವರ್ಷದಲ್ಲಿ ಒಂದು ಕೂದಲೆಳೆ ಗೀರೂ ಬಿದ್ದಿಲ್ಲ. ಮುಂದಿನ ತಿಂಗಳು ಅದೇ ಮಾರಾಟಗಾರನ ಹತ್ರ ಅದೇ ಸಿಂಹ ಇನ್ನೂ ಮೂರು ಇದ್ದವು! ಸಿಂಹಗಳ ಸಂತತಿ ಅಷ್ಟು ಬೇಗ ಬೆಳೆಯೋದು ಗೋಲಿಯೊಳಗೆ ಮಾತ್ರ :)

ಹೆಸರುಗಳೂ ಮೋಸ ಮಾಡ್ತವೆ. 'ಇಂಡಿಯನ್' ಅಂತ ಒಂದು ಜಾತಿ ಇದೆ, ಕಪ್ಪು ಗಾಜಿನ ಮೇಲೆ ಬಣ್ಣದ ಪಟ್ಟೆ. ನಮ್ಮವರೊಬ್ಬರು ಅದು ನಮ್ಮ ದೇಶದ್ದೇ ಅಂತ ಎದೆ ತಟ್ಟಿಕೊಂಡಿದ್ದರು. ಅದು ಜರ್ಮನಿಯದು ಸ್ವಾಮೀ. 'ಲಟ್ಸ್' ಅಂತ ಇನ್ನೊಂದು, ಚಿನ್ನದ ಪುಡಿಯಂತೆ ಮಿನುಗುವ ತಾಮ್ರದ ಕಣ ಇರೋದು. ಅಮೆರಿಕದ ಗಾಜುಗಾರ ನಿಕೊಲಸ್ ಲಟ್ಸ್ ಹೆಸರು ಅದಕ್ಕೆ ಅಂಟಿಕೊಂಡಿದೆ, ಆದರೆ ಆ ಗೋಲಿಗಳೂ ಜರ್ಮನಿಯವೇ. ಈ ತಪ್ಪು ಹೇಗೆ ಗೊತ್ತಾಯ್ತು? ಯಾರೋ ಕೂತು ಹುಡುಕಿದರು, ಬರೆದರು, ಇನ್ನೊಬ್ಬರು ತಿದ್ದಿದರು.

ನಾನು ಹೇಳಬೇಕು ಅಂದುಕೊಂಡ ಮಾತು ಇದೇ. ಅಮೆರಿಕದ ಗೋಲಿಗೆ ಬೆಲೆ ಬಂದಿದ್ದು ಬರೀ ಗಾಜಿನಿಂದ ಅಲ್ಲ, ಅಲ್ಲಿನವರ ಹಟದಿಂದ. ಮುಚ್ಚಿಹೋದ ಕಾರ್ಖಾನೆಗಳ ಜಾಗ ಅಗೆದರು. ಮಣ್ಣಲ್ಲಿ ಸಿಕ್ಕ ಒಡೆದ ಚೂರನ್ನ ಕೈಯಲ್ಲಿರೋ ಗೋಲಿಯ ಪಕ್ಕ ಇಟ್ಟು "ಇದು ಈ ಕಂಪನಿಯದೇ" ಅಂತ ಗುರುತು ಹಿಡಿದರು. ಹಳೆ ಜಾಹೀರಾತು, ಪೇಟೆಂಟು, ಡಬ್ಬಿಯ ಮೇಲಿನ ಅಕ್ಷರ, ಎಲ್ಲ ಕೂಡಿಸಿದರು. ಗಿನೀ ಅಪರೂಪ ಅನ್ನೋದು ತಿಳಿಯಬೇಕಾದರೆ ಮೊದಲು ಅದು ಗಿನೀ ಅಂತ ಗೊತ್ತಾಗಬೇಕಲ್ಲ! ಹೆಸರು ಗೊತ್ತಿಲ್ಲದ ವಸ್ತು ಎಷ್ಟು ಅಪರೂಪ ಆದರೂ ಕಸವೇ.

ಈಗ ನಮ್ಮ ಕಡೆ ತಿರುಗೋಣ. ಗೋಲಿಯ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುವವರು ಕಮ್ಮಿ ಏನಿಲ್ಲ. ನಾನೂ ಬರೆದಿದ್ದೀನಿ, ಆ ಪಾಪ ನನ್ನ ತಲೆ ಮೇಲೂ ಇದೆ. ಎಲ್ಲ ಒಂದೇ ಅಚ್ಚು. ರಜಾ ದಿನ, ಧೂಳು, ಅಮ್ಮನ ಬೈಗುಳ, ಜೇಬು ತುಂಬ ಗೋಲಿ, ಕೊನೆಗೆ "ಆ ದಿನಗಳು ಮತ್ತೆ ಬಾರವು". ಕೆಳಗೆ ಮೂವತ್ತು ಕಾಮೆಂಟು, "ಬಾಲ್ಯ ನೆನಪಾಯ್ತು". ಸರಿ, ಆದರೆ ನಿಮ್ಮೂರಲ್ಲಿ ಗುಳಿ ಎಷ್ಟು ದೂರಕ್ಕೆ ತೋಡ್ತಿದ್ರಿ? ಸೋತವನಿಗೆ ಏನು ಶಿಕ್ಷೆ? ಗೋಲಿ ಅಂತಿದ್ರೋ, ಗುಂಡು ಅಂತಿದ್ರೋ, ಗೋಟಿ ಅಂತಿದ್ರೋ? ಗಾಜಿನದು ಸಿಗದೆ ಇದ್ದಾಗ ಗಜ್ಜುಗದಲ್ಲಿ ಆಡ್ತಿದ್ರಾ? ನಾವು ಹೆಬ್ಬೆರಳು ನೆಲಕ್ಕೂರಿ ನಡುಬೆರಳನ್ನ ಬಿಲ್ಲಿನಂತೆ ಹಿಂದಕ್ಕೆಳೆದು ಹೊಡೀತೀವಿ. ಅಮೆರಿಕದ ಹುಡುಗ ಬೆರಳಗೆಣ್ಣು ನೆಲಕ್ಕೂರಿ ಹೆಬ್ಬೆರಳಿನಿಂದ ಚಿಮ್ಮಿಸ್ತಾನೆ. ಎರಡೂ ಬೇರೆ ಬೇರೆ ವಿದ್ಯೆ. ಅವರದ್ದಕ್ಕೆ ಪುಸ್ತಕ ಇದೆ. ನಮ್ಮದಕ್ಕೆ ನಿಟ್ಟುಸಿರು.

"ಗೋಲಿ ಆಡೋ ವಸ್ತು ಕಣ್ರೀ, ಅದನ್ನೂ ಅಳತೆ ಮಾಡಿ ಪಟ್ಟಿ ಮಾಡಿದರೆ ಖುಷಿ ಹೋಗಲ್ವಾ?" ಅಂತ ಕೇಳ್ತೀರಿ. ನಾನೂ ಹಾಗೇ ಅಂತಿದ್ದೆ, 2016ರವರೆಗೆ.

ಆ ವರ್ಷ ಅಪ್ಪ ಹೋದರು. ಅಟ್ಟದಲ್ಲಿ ಅವರ ಒಂದು ತಗಡಿನ ಡಬ್ಬಿ ಸಿಕ್ಕಿತು. ಹನ್ನೊಂದು ಗೋಲಿ. ಹತ್ತು ಸಾಧಾರಣ. ಒಂದು ಮಾತ್ರ ಬಣ್ಣದ ಎಳೆ ಏನೂ ಇಲ್ಲದ ತಿಳಿ ಹಸಿರು ಗಾಜಿನದು, ಮೈಯೆಲ್ಲ ಪೆಟ್ಟು. ನೋಡಿದ ತಕ್ಷಣ ಗೊತ್ತಾಯ್ತು, ಗೋಲಿ ಸೋಡಾ ಬಾಟಲಿಯದು. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಮಾಡಿಸಿದ ಬಾಟಲಿ ಅದು. ಒಳಗಿನ ಗ್ಯಾಸು ಗೋಲಿಯನ್ನ ಕುತ್ತಿಗೆಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತೆ, ಅದೇ ಬಿರಡೆ. ಬಾಟಲಿ ಒಡೆಯದೆ ಗೋಲಿ ಹೊರಗೆ ಬರಲ್ಲ. ಇಂಗ್ಲೆಂಡಿನ ಹುಡುಗರೂ ಒಡೆದರು, ನಮ್ಮವರೂ ಒಡೆದರು. ಇವತ್ತು ಸಂಗ್ರಾಹಕರು ಇಡೀ ಇರೋ ಹಳೆ ಬಾಟಲಿಗೆ ದುಡ್ಡು ಕೊಡ್ತಾರೆ, ಗೋಲಿಗೆ ಯಾರೂ ಕೊಡಲ್ಲ. ಹುಡುಗರ ಲೆಕ್ಕ ಸರಿಯಾಗಿ ಉಲ್ಟಾ.

ಅಪ್ಪ ಯಾರ ಅಂಗಡಿಯ ಬಾಟಲಿ ಒಡೆದರು? ಏಟು ತಿಂದರಾ? ಅದರಲ್ಲಿ ಯಾರನ್ನ ಗೆದ್ದರು? ಹದಿನೈದು ವರ್ಷ ಒಂದೇ ಸೂರಿನ ಕೆಳಗೆ ಕೂತು ನಾನು ಆಕ್ರನ್ನಿನ ಕಾರ್ಖಾನೆಯ ಇಸವಿ ಬಾಯಿಪಾಠ ಮಾಡ್ತಿದ್ದೆ. ಅಟ್ಟದ ಮೇಲೆ ಒಂದು ಡಬ್ಬಿ ಇದೆ ಅಂತ ಕೇಳಲಿಲ್ಲ. ಈಗ ಆ ಗೋಲಿ 22 ಮಿಲಿಮೀಟರ್ ಅಂತ ಅಳೆದು ಬರೆದಿಟ್ಟಿದ್ದೀನಿ. ಅಳೆಯೋಕೆ ಆಗಿದ್ದು ಅಷ್ಟೇ.

ಪಟ್ಟಿ ಮಾಡಿದರೆ ಖುಷಿ ಹೋಗುತ್ತೆ ಅನ್ನೋರಿಗೆ ನನ್ನ ಉತ್ತರ ಇದು. ಪಟ್ಟಿ ಮಾಡದೆ ಇದ್ದರೆ ವಸ್ತು ಉಳಿಯುತ್ತೆ, ಅದರ ಕಥೆ ಹೋಗುತ್ತೆ. ಕಥೆ ಇಲ್ಲದ ಗೋಲಿ ನಮ್ಮ ಮಕ್ಕಳಿಗೆ ಬರೀ ಗಾಜು.

ಹಾಗಾಗಿ ನನಗೆ ಇನ್ನು "ಎಷ್ಟು ಬರಬಹುದು" ಅಂತ ಫೋಟೋ ಕಳಿಸಬೇಡಿ. ಡಬ್ಬಿ ತಗೊಂಡು ಮನೆಯ ಹಿರಿಯರ ಪಕ್ಕ ಕೂತ್ಕೊಳ್ಳಿ. ಯಾವ ಊರು, ಯಾವ ಅಂಗಡಿ, ಎಷ್ಟು ಪೈಸೆಗೆ ಎಷ್ಟು, ಆಟದ ಹೆಸರೇನು, ಯಾವ ಗೋಲಿಯಿಂದ ಹೊಡೀತಿದ್ರು, ಕೇಳಿ ಬರೆದುಕೊಳ್ಳಿ. ಅಳತೆ ಹಾಕಿ, ಫೋಟೋ ಹಾಕಿ. ದಮ್ಮಯ್ಯ, ಪಾಲಿಶ್ ಮಾಡಿಸಬೇಡಿ. ಆಮೇಲೆ ನಿಮ್ಮ ಬ್ಲಾಗಿನಲ್ಲಿ ಹಾಕಿ. "ಆ ದಿನಗಳು ಮತ್ತೆ ಬಾರವು" ಅನ್ನೋ ಸಾಲು ಕೊನೆಗೆ ಬೇಕೇ ಬೇಕು ಅಂದರೆ ಹಾಕಿಕೊಳ್ಳಿ, ಬೇಡ ಅನ್ನಲ್ಲ. ಅದಕ್ಕೆ ಮುಂಚೆ ಹತ್ತು ಸಾಲು ವಿಷಯ ಇರಲಿ.

ನಮ್ಮೂರಲ್ಲಿ ಸೋತವನು ಗುಳಿಯಿಂದ ಗೆರೆಯವರೆಗೆ ಮೊಣಕೈಯಿಂದ ಗೋಲಿ ತಳ್ಳಿಕೊಂಡು ಹೋಗಬೇಕಿತ್ತು. ನನ್ನ ಎಡ ಮೊಣಕೈ ಮೇಲೆ ಆ ಕಲೆ ಇನ್ನೂ ಇದೆ. ನಿಮ್ಮೂರಲ್ಲಿ ಏನಿತ್ತು? ಹೇಳಿ ಮತ್ತೆ.